ಭಾರತದ ಮಹಿಳಾ ಫುಟ್‌ಬಾಲ್: ಸೋಲಿಗಿಂತ ಜಾಸ್ತಿ ಕಾಡಿದ್ದು ಆಡದೇ ಹೋದ ವರ್ಷಗಳು

ಭಾರತದ ಮಹಿಳಾ ಫುಟ್‌ಬಾಲ್ ತಂಡ ಒಂದು ಕಾಲಕ್ಕೆ ಏಷ್ಯಾದಲ್ಲೇ ಎರಡನೇ ಸ್ಥಾನ ಪಡೆದಿತ್ತು ಅಂದರೆ ಇವತ್ತು ಬಹಳ ಜನ ನಂಬುವುದಿಲ್ಲ. ಆದರೆ ದಾಖಲೆ ಹಾಗೇ ಹೇಳುತ್ತದೆ. 1980ರ ಜನವರಿಯಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನಡೆದದ್ದು ಕಲ್ಲಿಕೋಟೆಯಲ್ಲಿ. ಭಾರತ ಫೈನಲ್‌ವರೆಗೆ ಹೋಗಿ, ತೈವಾನ್ ವಿರುದ್ಧ 0-2ರಿಂದ ಸೋತಿತು. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಈ ಸಲ ಥಾಯ್ಲೆಂಡ್ ವಿರುದ್ಧ ಸೋಲು. ಅದೇ ವರ್ಷ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದರು. ಫುಟ್‌ಬಾಲ್‌ಗಾಗಿ ಈ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. ಬೆಂಗಳೂರಿನ ಚಿತ್ರಾ ಗಂಗಾಧರನ್ ದೇಶಕ್ಕಾಗಿ ಆಡಿದ್ದೂ ಆ ಕಾಲದಲ್ಲೇ.

ಆಗ ಸ್ಪರ್ಧೆ ಈಗಿನಷ್ಟು ದೊಡ್ಡದಿರಲಿಲ್ಲ, ನಿಜ. ಚೀನಾ ಈ ಟೂರ್ನಿಗೆ ಬಂದದ್ದು 1986ರಲ್ಲಿ. ಜಪಾನ್ ಅಧಿಕೃತ ಮಹಿಳಾ ತಂಡ ಕಟ್ಟಿದ್ದೇ 1981ರಲ್ಲಿ. ಆದರೂ ಆ ಎರಡನೇ ಸ್ಥಾನ ಸುಮ್ನೆ ಸಿಕ್ಕಿದ್ದಲ್ಲ. ಆಗ ಎಲ್ಲರೂ ಹೆಚ್ಚುಕಮ್ಮಿ ಒಂದೇ ಗೆರೆಯಲ್ಲಿ ನಿಂತಿದ್ದರು. ಆಮೇಲೆ ಉಳಿದವರು ಮುಂದಕ್ಕೆ ಓಡಿದರು, ನಾವು ನಿಂತುಬಿಟ್ಟೆವು.

ನಿಂತದ್ದು ಯಾಕೆ? 1975ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ಫುಟ್‌ಬಾಲ್ ಒಕ್ಕೂಟವೇ ಆಗ ಈ ತಂಡವನ್ನು ನೋಡಿಕೊಳ್ಳುತ್ತಿತ್ತು. ಗಂಡಸರ ಆಟ ನಡೆಸುತ್ತಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೂ ಇದಕ್ಕೂ ಸಂಬಂಧ ಇರಲಿಲ್ಲ. ಕೈಯಲ್ಲಿ ಹಣ ಕಡಿಮೆ, ಆದರೆ ಆಟ ನಡೆಯುತ್ತಿತ್ತು. 1990ರ ದಶಕದ ಮೊದಲ ವರ್ಷಗಳಲ್ಲಿ ಈ ಒಕ್ಕೂಟ ದೊಡ್ಡ ಫೆಡರೇಷನ್ ಒಳಗೆ ಸೇರಿಹೋಯಿತು. ಇನ್ನು ಮೇಲೆ ಒಳ್ಳೇದಾಗುತ್ತದೆ ಅಂತ ಯಾರಾದರೂ ಅಂದುಕೊಳ್ಳಬೇಕು, ಅಲ್ವಾ? ಆದರೆ ದೊಡ್ಡ ಮನೆಯಲ್ಲಿ ಹೆಣ್ಣುಮಕ್ಕಳ ಆಟಕ್ಕೆ ಸಿಕ್ಕಿದ್ದು ಕೊನೆಯ ಪಂಕ್ತಿ.

ಜಪಾನ್ 1989ರಲ್ಲೇ ಮಹಿಳೆಯರಿಗೆ ರಾಷ್ಟ್ರೀಯ ಲೀಗ್ ಶುರು ಮಾಡಿತು. 2011ರಲ್ಲಿ ವಿಶ್ವಕಪ್ ಗೆದ್ದಿತು. ಚೀನಾ 1991ರಲ್ಲಿ ಮೊದಲ ಮಹಿಳಾ ವಿಶ್ವಕಪ್ಪನ್ನೇ ತನ್ನ ನೆಲದಲ್ಲಿ ನಡೆಸಿತು. ಭಾರತದಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾದದ್ದು 2016-17ರಲ್ಲಿ. ಈ 27 ವರ್ಷಗಳ ಅಂತರದಲ್ಲೇ ನಮ್ಮ ಸೋಲುಗಳ ಅರ್ಧ ಉತ್ತರ ಇದೆ ಅಂತ ನನ್ನ ನಂಬಿಕೆ. ಪ್ರತಿಭೆಗೆ ಇಲ್ಲಿ ಬರ ಇರಲಿಲ್ಲ. ಇಂಫಾಲದ ಒಯಿನಾಮ್ ಬೆಂಬೆಂ ದೇವಿ 1995ರಲ್ಲಿ, ಇನ್ನೂ ಹದಿಹರೆಯದಲ್ಲೇ, ಭಾರತದ ಪರ ಆಡಿದರು. ಚಿಕ್ಕಂದಿನಲ್ಲಿ ಹುಡುಗರ ತಂಡದಲ್ಲಿ ಆಡಲು ಅವರು ಹುಡುಗನ ಹೆಸರಿಟ್ಟುಕೊಂಡಿದ್ದರು. ಅಂಥವರು 20 ವರ್ಷ ದೇಶಕ್ಕೆ ಆಡಿದರು. ಅವರಿಗೆ ಅರ್ಜುನ ಪ್ರಶಸ್ತಿ ಸಿಕ್ಕಿದ್ದು 2017ರಲ್ಲಿ, ನಿವೃತ್ತಿಯಾದ ಮೇಲೆ.

2009ರಲ್ಲಿ ಇನ್ನೂ ಬೇಸರದ ಸಂಗತಿ ನಡೆಯಿತು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ರ್‍ಯಾಂಕಿಂಗ್ ಪಟ್ಟಿಯಿಂದ ಭಾರತವನ್ನು ಕೈಬಿಟ್ಟಿತು. ಸೋತದ್ದಕ್ಕಲ್ಲ, ಆಡದೇ ಇದ್ದದ್ದಕ್ಕೆ. 18 ತಿಂಗಳಲ್ಲಿ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡದ ತಂಡ ಪಟ್ಟಿಯಲ್ಲಿ ಉಳಿಯುತ್ತಿರಲಿಲ್ಲ. ಒಂದೂವರೆ ವರ್ಷ ಅಂದರೆ ಆಟಗಾರ್ತಿಯೊಬ್ಬಳ ಬದುಕಿನಲ್ಲಿ ಸಣ್ಣ ಅವಧಿಯಲ್ಲ.

2010ರಿಂದ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್ ಶುರುವಾಯಿತು. ಭಾರತ ಸತತ ಐದು ಸಲ ಗೆದ್ದಿತು: ಕಾಕ್ಸ್ ಬಜಾರ್, ಕೊಲಂಬೊ, ಇಸ್ಲಾಮಾಬಾದ್, ಸಿಲಿಗುರಿ, ಬಿರಾಟ್‌ನಗರ. ದಕ್ಷಿಣ ಏಷ್ಯಾ ಕ್ರೀಡಾಕೂಟದ ಚಿನ್ನಗಳೂ ಬಂದವು. 2013ರ ಕೊನೆಗೆ ರ್‍ಯಾಂಕಿಂಗ್ 49ಕ್ಕೆ ಏರಿತು. ಅದೇ ಇವತ್ತಿಗೂ ತಂಡದ ಅತಿ ಒಳ್ಳೆಯ ಸ್ಥಾನ.

ಆದರೆ ಈ ಗೆಲುವುಗಳು ಒಂದು ಸತ್ಯವನ್ನು ಮುಚ್ಚಿಟ್ಟಿದ್ದವು. ಅದು ಹೊರಬಿದ್ದದ್ದು 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ. ಮೊದಲ ಪಂದ್ಯದಲ್ಲಿ ಭಾರತ ಮಾಲ್ಡೀವ್ಸ್ ವಿರುದ್ಧ 15-0ರಿಂದ ಗೆದ್ದಿತು. ಆಮೇಲೆ ದಕ್ಷಿಣ ಕೊರಿಯಾ ವಿರುದ್ಧ 0-10. ಥಾಯ್ಲೆಂಡ್ ವಿರುದ್ಧವೂ 0-10. ಒಂದೇ ಟೂರ್ನಿ, ಅದೇ ಆಟಗಾರ್ತಿಯರು. ಅಕ್ಕಪಕ್ಕದವರನ್ನು ಸೋಲಿಸಿ ಬರುವ ತಂಡಕ್ಕೆ ತನಗಿಂತ ಬಲವಾದವರ ಮುಂದೆ ಹೇಗೆ ನಿಲ್ಲಬೇಕು ಅಂತ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅಂಥ ಎದುರಾಳಿಗಳ ಜೊತೆ ಅವರು ಆಡುತ್ತಿದ್ದದ್ದೇ ಅಪರೂಪ.

ಇದನ್ನು ಬದಲಿಸುವ ಅವಕಾಶ ತಾನಾಗೇ ಬಂತು. ಹಳೆಯ ಏಷ್ಯನ್ ಚಾಂಪಿಯನ್‌ಷಿಪ್‌ಗೆ ಈಗ ಏಷ್ಯನ್ ಕಪ್ ಅಂತ ಹೆಸರು. 2022ರಲ್ಲಿ ಅದರ ಆತಿಥ್ಯ ಭಾರತಕ್ಕೆ ಸಿಕ್ಕಿತು. 2003ರ ನಂತರ ತಂಡ ಈ ಟೂರ್ನಿಯ ಕಡೆ ಕಾಲಿಟ್ಟಿರಲಿಲ್ಲ. ಸ್ವೀಡನ್ನಿನ ಥಾಮಸ್ ಡೆನರ್‌ಬಿ ಕೋಚ್ ಆದರು. ತಯಾರಿಗೆ ಅಂತ 2021ರ ನವೆಂಬರ್‌ನಲ್ಲಿ ತಂಡವನ್ನು ಬ್ರೆಜಿಲ್‌ಗೆ ಕಳಿಸಿದರು. ಅಲ್ಲಿ ಬ್ರೆಜಿಲ್ ವಿರುದ್ಧ 1-6ರ ಸೋಲು. ಆ ಒಂದು ಗೋಲು ಹೊಡೆದದ್ದು ಪಂಜಾಬಿನ ಹುಡುಗಿ ಮನೀಷಾ ಕಲ್ಯಾಣ್. ಆ ಗೋಲು ನೋಡಿ ಕುಣಿದವರಲ್ಲಿ ನಾನೂ ಒಬ್ಬ. ಮರುವರ್ಷ ಮನೀಷಾ ಸೈಪ್ರಸ್‌ನ ಕ್ಲಬ್ ಸೇರಿ ಯುರೋಪಿನ ಚಾಂಪಿಯನ್ಸ್ ಲೀಗ್‌ನಲ್ಲೂ ಆಡಿದರು.

2022ರ ಜನವರಿ 20ರಂದು ನವಿ ಮುಂಬೈಯಲ್ಲಿ ಇರಾನ್ ಜೊತೆ ಮೊದಲ ಪಂದ್ಯ. 0-0. ಗೆಲ್ಲಬಹುದಾಗಿತ್ತು, ಆದರೂ ದಾರಿ ಮುಚ್ಚಿರಲಿಲ್ಲ. ಮೂರು ದಿನದ ನಂತರ ಚೈನೀಸ್ ತೈಪೆ, ಅಂದರೆ ತೈವಾನ್ ವಿರುದ್ಧ ಪಂದ್ಯ ಇತ್ತು. ಅಷ್ಟರಲ್ಲಿ ತಂಡದಲ್ಲಿ ಕೊರೊನಾ ಹಬ್ಬಿತ್ತು. ಕಣಕ್ಕಿಳಿಸಲು ಬೇಕಾದ 13 ಆಟಗಾರ್ತಿಯರೂ ಉಳಿಯಲಿಲ್ಲ. ಪಂದ್ಯ ರದ್ದಾಯಿತು. ನಿಯಮದ ಪ್ರಕಾರ ಭಾರತ ಟೂರ್ನಿಯಿಂದಲೇ ಹಿಂದೆ ಸರಿದಂತಾಯಿತು. ಇರಾನ್ ಜೊತೆ ಆಡಿದ 90 ನಿಮಿಷವೂ ಲೆಕ್ಕದಿಂದ ಹೋಯಿತು. ಸ್ವಂತ ನೆಲದಲ್ಲಿ, ಅಷ್ಟು ವರ್ಷ ಕಾದ ಮೇಲೆ, ಹೋರಾಡಿ ಸೋಲುವ ಅವಕಾಶವೂ ಆ ಹುಡುಗಿಯರಿಗೆ ಸಿಗಲಿಲ್ಲ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.

ಆ ವರ್ಷ ಅಲ್ಲಿಗೇ ಮುಗಿಯಲಿಲ್ಲ. ಆಗಸ್ಟ್‌ನಲ್ಲಿ ಆಡಳಿತದ ಜಗಳದಿಂದಾಗಿ ಫಿಫಾ ಭಾರತದ ಫೆಡರೇಷನ್ನನ್ನು ಅಮಾನತು ಮಾಡಿತು. ಏಷ್ಯನ್ ಕ್ಲಬ್ ಚಾಂಪಿಯನ್‌ಷಿಪ್ ಆಡಲು ತಾಷ್ಕೆಂಟ್‌ಗೆ ಹೋಗಿದ್ದ ಗೋಕುಲಂ ಕೇರಳ ತಂಡ ಆಡದೇ ವಾಪಸ್ ಬಂತು. ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಸ್ಯಾಫ್ ಕಿರೀಟವೂ ಹೋಯಿತು. ಬಾಂಗ್ಲಾದೇಶದ ವಿರುದ್ಧ 0-3, ಸೆಮಿಫೈನಲ್‌ನಲ್ಲಿ ನೇಪಾಳದ ವಿರುದ್ಧ 0-1. 2024ರಲ್ಲೂ ಸೆಮಿಫೈನಲ್‌ನಲ್ಲೇ ಆಟ ಮುಗಿಯಿತು. ಎರಡೂ ಸಲ ಕಪ್ ಗೆದ್ದದ್ದು ಬಾಂಗ್ಲಾದೇಶ. ಅವರು ಶಾಲೆಯ ಟೂರ್ನಿಗಳಲ್ಲಿ ಹುಡುಗಿಯರನ್ನು ಹುಡುಕಿ, ಢಾಕಾದಲ್ಲಿ ಒಟ್ಟಿಗೆ ಇಟ್ಟು ವರ್ಷಗಟ್ಟಲೆ ತರಬೇತಿ ಕೊಟ್ಟಿದ್ದರು.

ಹೀಗಿರುವಾಗ 2025ರಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2026ರ ಏಷ್ಯನ್ ಕಪ್ ಅರ್ಹತಾ ಸುತ್ತಿಗೆ ಮುಂಚೆ ತಂಡ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ವಾರಗಟ್ಟಲೆ ಕ್ಯಾಂಪ್ ಮಾಡಿತು. ಅಲ್ಲೇ ಉಜ್ಬೇಕಿಸ್ತಾನದ ಜೊತೆ ಎರಡು ಸ್ನೇಹಪರ ಪಂದ್ಯ ಆಡಿತು. ಎರಡರಲ್ಲೂ ಗೆಲುವು ಸಿಗಲಿಲ್ಲ. ಅಂಥ ಪಂದ್ಯಗಳೇ ಬೇಕಾಗಿದ್ದದ್ದು. ಕೋಚ್ ಕ್ರಿಸ್ಪಿನ್ ಛೆಟ್ರಿ ಈ ತಂಡದೊಂದಿಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಹೋದರು. ಮಂಗೋಲಿಯಾ ವಿರುದ್ಧ 13-0, ಟಿಮೋರ್ ಲೆಸ್ತೆ ವಿರುದ್ಧ 4-0, ಇರಾಕ್ ವಿರುದ್ಧ 5-0. ಒಟ್ಟು 22 ಗೋಲು, ಒಂದೂ ಬಿಟ್ಟುಕೊಡಲಿಲ್ಲ. ಆತಿಥೇಯ ಥಾಯ್ಲೆಂಡ್ ಕೂಡ ಸರಿಯಾಗಿ 22 ಗೋಲು ಹೊಡೆದು, ಒಂದೂ ಬಿಟ್ಟುಕೊಡದೆ ನಿಂತಿತ್ತು. ಗುಂಪಿನಿಂದ ಒಂದೇ ತಂಡ ಮುಂದೆ ಹೋಗಬೇಕು. ರ್‍ಯಾಂಕಿಂಗ್‌ನಲ್ಲಿ ಥಾಯ್ಲೆಂಡ್ 46, ಭಾರತ 70. ಜುಲೈ 5ರಂದು ಬಂಗಾಳದ ಕಲ್ಯಾಣಿಯ ಸಂಗೀತಾ ಬಾಸ್ಫೋರ್ ಎರಡು ಗೋಲು ಹೊಡೆದರು. ಭಾರತ 2-1ರಿಂದ ಗೆದ್ದಿತು. ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯನ್ ಕಪ್ ಸೇರಿದ್ದು ಇದೇ ಮೊದಲು.

11 ವರ್ಷದ ಹಿಂದೆ ಹತ್ತು ಗೋಲು ಹೊಡೆದಿದ್ದ ತಂಡವನ್ನು ಅದರದ್ದೇ ನೆಲದಲ್ಲಿ ಸೋಲಿಸಿದ್ದು ಪವಾಡವೇನಲ್ಲ. ನಡುವೆ ಒಂದು ಲೀಗ್ ಬಂತು. ಭಾರತದ ಆಟಗಾರ್ತಿ ಬಾಲಾ ದೇವಿ ಸ್ಕಾಟ್ಲೆಂಡಿನ ರೇಂಜರ್ಸ್ ಕ್ಲಬ್‌ಗೆ ಆಡಿ ಬಂದರು. ಜಾಸ್ತಿ ಪಂದ್ಯ, ಜಾಸ್ತಿ ದಿನದ ಕ್ಯಾಂಪ್ ಸಿಕ್ಕವು. ಏಷ್ಯನ್ ಕಪ್‌ನಲ್ಲಿ ಭಾರತಕ್ಕೆ ಸಿಕ್ಕ ಗುಂಪಿನಲ್ಲಿ ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ ಇದ್ದವು. 2025ರ ಆಗಸ್ಟ್‌ನಲ್ಲಿ 20 ವರ್ಷದೊಳಗಿನವರ ತಂಡವೂ ಮ್ಯಾನ್ಮಾರ್ ತಂಡವನ್ನು ಅವರ ನೆಲದಲ್ಲೇ ಸೋಲಿಸಿ ತಮ್ಮ ವಯಸ್ಸಿನವರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು, ಎರಡು ದಶಕದ ನಂತರ. ಆ ಹುಡುಗಿಯರಿಗೆ ಲೀಗ್ ವರ್ಷಕ್ಕೆ ಎಷ್ಟು ತಿಂಗಳು ನಡೆಯುತ್ತದೆ, ರಾಷ್ಟ್ರೀಯ ತಂಡಗಳ ಪಂದ್ಯಕ್ಕೆ ಅಂತ ಫಿಫಾ ಬಿಡುವು ಕೊಡುವ ದಿನಗಳಲ್ಲಿ ಎದುರಾಳಿ ಯಾರು ಸಿಗುತ್ತಾರೆ ಅನ್ನುವುದನ್ನು ನಾನಂತೂ ಗಮನಿಸುತ್ತಾ ಇರುತ್ತೇನೆ.