ಮುಖ ನೋಡಿ ಹೇಳುವ ತೀರ್ಪು

ಮೂಡಿಗೆರೆಯಿಂದ ಒಳಗೆ ತೋಟದ ನಡುವೆ ಇರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಜುಲೈ ತಿಂಗಳ ರಾತ್ರಿಗಳು ಬಲು ಉದ್ದ. ಮಳೆ ಹಿಡಿದುಕೊಂಡರೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಇರುವುದಿಲ್ಲ. ಹಗಲು ಪೇಟೆಗೆ ಹೋದಾಗ ಇಳಿಸಿಕೊಂಡು ಬಂದ ವಿಡಿಯೊಗಳನ್ನು, ಮೊಬೈಲನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟು, ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುವುದು ಅಲ್ಲಿನ ಈಚಿನ ರೂಢಿ. ಕಳೆದ ಮಳೆಗಾಲದಲ್ಲಿ ನಾನು ಹೋಗಿದ್ದಾಗ ಓಡುತ್ತಿದ್ದದ್ದು ಅಮೆರಿಕದ ಯಾವುದೋ ಪೊಲೀಸ್ ಠಾಣೆಯಲ್ಲಿ ನಡೆದ ವಿಚಾರಣೆಯ ದೃಶ್ಯ. ಬೂದು ಗೋಡೆಯ ಕೋಣೆ, ಒಂದು ಮೇಜು, ಅದರ ಮೇಲೆ ಕಾಗದದ ಲೋಟ, ಹೆಂಡತಿಯನ್ನು ಕಳೆದುಕೊಂಡ ಯುವಕನೊಬ್ಬ. ಪ್ರಶ್ನೆ ಕೇಳುತ್ತಿದ್ದ ಅಧಿಕಾರಿಯ ಎಡ ಹೆಗಲು ಮಾತ್ರ ಚೌಕಟ್ಟಿನ ಅಂಚಿನಲ್ಲಿ ಕಾಣುತ್ತಿತ್ತು.

ನಾಲ್ಕು ನಿಮಿಷವೂ ಆಗಿರಲಿಲ್ಲ. “ಇವ್ನೇ ಕಣೋ, ಕಣ್ಣಲ್ಲಿ ಒಂದ್ ಹನಿ ನೀರಿಲ್ಲ ನೋಡು” ಎಂದರು ಚಿಕ್ಕಮ್ಮ. ಕೈ ಹೊಸಕಿಕೊಳ್ಳುತ್ತಿರುವುದನ್ನು ಚಿಕ್ಕಪ್ಪ ಎತ್ತಿ ತೋರಿಸಿದರು. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅವರ ಮಗ, ಎಡಗಡೆಗೆ ನೋಡಿದರೆ ಸುಳ್ಳು ಎಂದು ಎಲ್ಲೋ ಓದಿದ್ದನ್ನು ಸೇರಿಸಿದ. ನನಗೆ ಸೋಜಿಗ ಎನಿಸಿದ್ದು ಬೇರೊಂದು ಸಂಗತಿ. ಆ ಇಬ್ಬರ ಇಂಗ್ಲಿಷಿನಲ್ಲಿ ಚಿಕ್ಕಮ್ಮನಿಗೆ ಅರ್ಥವಾಗುತ್ತಿದ್ದದ್ದು ಕಾಲು ಭಾಗವೂ ಇರಲಾರದು. ಆದರೂ ತೀರ್ಪು ಹೇಳುವುದಕ್ಕೆ ಆಡಿದ ಮಾತು ಬೇಕೆಂದೇ ಅವರಿಗೆ ಅನ್ನಿಸಿರಲಿಲ್ಲ.

ಹೀಗೆ ಮುಖ ನೋಡಿ ಹೇಳುವವರು ಎಷ್ಟರಮಟ್ಟಿಗೆ ಸರಿ ಹೇಳುತ್ತಾರೆ ಎಂಬುದನ್ನು ಮನಃಶಾಸ್ತ್ರಜ್ಞರು ಹಲವು ದಶಕಗಳಿಂದ ಅಳೆಯುತ್ತ ಬಂದಿದ್ದಾರೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಅಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದರು. 24,000ಕ್ಕೂ ಹೆಚ್ಚು ಮಂದಿ ಹೇಳಿದ ತೀರ್ಪುಗಳಲ್ಲಿ ಸರಿಯಾದವು ಸರಾಸರಿ ಶೇ. 54. ನಾಣ್ಯ ಚಿಮ್ಮಿದ್ದರೂ ಐವತ್ತು ಸಿಗುತ್ತಿತ್ತು. ಇನ್ನೂ ಬಿಡಿಸಿ ನೋಡಿದರೆ, ನಿಜ ಹೇಳಿದವರನ್ನು ನಿಜವಂತರೆಂದು ಗುರುತಿಸಿದ್ದು ಶೇ. 61 ಸಲವಾದರೆ, ಸುಳ್ಳನ್ನು ಸುಳ್ಳೆಂದು ಹಿಡಿದದ್ದು ಶೇ. 47 ಸಲ ಮಾತ್ರ. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಎಂಬುದು ಜಗತ್ತಿನಾದ್ಯಂತ ಇರುವ ನಂಬಿಕೆ. 75 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಅತಿ ಹೆಚ್ಚು ಮಂದಿ ಹೇಳಿದ ಲಕ್ಷಣ ಅದೇ ಆಗಿತ್ತು. ಆದರೆ ಸುಳ್ಳಿನ ಲಕ್ಷಣಗಳೆಂದು ಎಣಿಸಲಾದ 158 ಸಂಗತಿಗಳನ್ನು ಡಿಪಾಲೊ ಮತ್ತು ಸಂಗಡಿಗರು 2003ರಲ್ಲಿ ಪರಿಶೀಲಿಸಿದಾಗ ಬಹುಪಾಲಿಗೆ ಸುಳ್ಳಿನೊಂದಿಗೆ ಇದ್ದ ನಂಟು ತೀರಾ ಸಣ್ಣದು, ಹಲವಕ್ಕೆ ಇಲ್ಲವೇ ಇಲ್ಲ. ಕಣ್ಣು ತಪ್ಪಿಸುವುದು ಸುಳ್ಳುಗಾರನನ್ನು ಹಿಡಿದುಕೊಡುವ ಗುರುತಾಗಿ ನಿಲ್ಲಲಿಲ್ಲ. ನಮ್ಮ ಕಡೆಯ ತೋಟದ ಲೈನ್ ಮನೆಗಳಿಂದ ಬಂದು ಸಾಹುಕಾರರ ಮುಂದೆ ನಿಲ್ಲುವ ಆಳುಗಳು ನೆಲ ನೋಡಿಕೊಂಡೇ ಮಾತನಾಡುತ್ತಾರಲ್ಲ, ಈ ಅಳತೆಗೋಲು ಹಿಡಿದರೆ ಅವರೆಲ್ಲರೂ ಅಪರಾಧಿಗಳೇ ಆಗಬೇಕಾಗುತ್ತದೆ.

ಅಳಲಿಲ್ಲ ಎಂಬ ಆರೋಪದ ಬೆಲೆ ಏನೆಂಬುದನ್ನು ಆಸ್ಟ್ರೇಲಿಯಾದ ಲಿಂಡಿ ಚೇಂಬರ್ಲೇನ್ ಅನುಭವಿಸಿದರು. 1980ರ ಆಗಸ್ಟ್ 17ರ ರಾತ್ರಿ, ಉಲುರು ಬಂಡೆಯ ಬಳಿ ಹಾಕಿದ್ದ ಗುಡಾರದಿಂದ ಅವರ ಒಂಬತ್ತು ವಾರದ ಹೆಣ್ಣುಮಗು ಕಾಣೆಯಾಯಿತು. ಡಿಂಗೊ ಎಂಬ ಕಾಡುನಾಯಿ ಒಯ್ದಿತೆಂದು ತಾಯಿ ಮೊದಲ ದಿನದಿಂದಲೂ ಹೇಳಿದರು. ಟಿವಿ ಸಂದರ್ಶನಗಳಲ್ಲಿ ಆಕೆ ಸಮಾಧಾನದ ದನಿಯಲ್ಲಿ ವಿವರ ಹೇಳಿದ್ದನ್ನು ನೋಡಿದ ಜನ, ಮಗು ಸತ್ತ ತಾಯಿ ಹೀಗಿರಲಾರಳು ಎಂದು ತೀರ್ಮಾನಿಸಿಬಿಟ್ಟರು. 1982ರಲ್ಲಿ ಕೊಲೆ ಆರೋಪ ಸಾಬೀತಾಗಿ ಜೀವಾವಧಿ ಶಿಕ್ಷೆಯಾಯಿತು. ಕಾರಿನೊಳಗೆ ಸಿಡಿದ ಶಿಶುವಿನ ರಕ್ತವೆಂದು ನ್ಯಾಯಾಲಯಕ್ಕೆ ತೋರಿಸಿದ್ದ ಕಲೆಗಳು, ಕಾರು ತಯಾರಿಸುವಾಗ ಶಬ್ದ ತಗ್ಗಿಸಲು ಸಿಂಪಡಿಸುವ ಲೇಪವೆಂದು ಆಮೇಲೆ ತಿಳಿಯಿತು. 1986ರಲ್ಲಿ ಮಗುವಿನ ಮೇಲಂಗಿ ಡಿಂಗೊಗಳಿರುವ ಜಾಗದ ಬಳಿ ಸಿಕ್ಕಿದ ಮೇಲೆ ಬಿಡುಗಡೆ, 1988ರಲ್ಲಿ ಶಿಕ್ಷೆ ರದ್ದು. ಮಗುವಿನ ಸಾವಿಗೆ ಡಿಂಗೊವೇ ಕಾರಣವೆಂದು ಮರಣ ವಿಚಾರಣಾಧಿಕಾರಿ ದಾಖಲಿಸಿದ್ದು 2012ರಲ್ಲಿ. ನಿರಪರಾಧಿಯ ಕಂಗಾಲನ್ನೋ ಮರಗಟ್ಟಿದ ಮೌನವನ್ನೋ ಸುಳ್ಳಿನ ಕುರುಹಾಗಿ ಓದುವ ಈ ಎಡವಟ್ಟಿಗೆ ಮನಃಶಾಸ್ತ್ರಜ್ಞ ಪಾಲ್ ಎಕ್ಮನ್, ಹೆಂಡತಿಯ ಅಂಜಿಕೆಯನ್ನೇ ಅವಳ ತಪ್ಪಿನ ಗುರುತೆಂದು ಓದಿದ ಶೇಕ್ಸ್‌ಪಿಯರನ ನಾಯಕನನ್ನು ನೆನೆದು, “ಒಥೆಲೊ ದೋಷ” ಎಂದು ಹೆಸರಿಟ್ಟಿದ್ದಾರೆ.

ಇಲ್ಲಿ ವೀಕ್ಷಕನ ಪಾಡು ಇನ್ನೊಂದು ರೀತಿಯಿಂದಲೂ ಕೆಟ್ಟದ್ದು, ಏಕೆಂದರೆ ಇಂಥ ವಿಡಿಯೊದ ತಲೆಬರಹದಲ್ಲೇ ಕೊಲೆಗಾರ ಯಾರೆಂದು ಬರೆದಿರುತ್ತದೆ. ಕೊನೆ ಗೊತ್ತಾದವನಿಗೆ ಅದು ಮೊದಲಿನಿಂದಲೂ ಗೊತ್ತಿತ್ತು ಎನಿಸುವುದನ್ನು ಬರೂಕ್ ಫಿಶಾಫ್ 1975ರಲ್ಲಿ ತೋರಿಸಿಕೊಟ್ಟರು. 1814ರಲ್ಲಿ ಬ್ರಿಟಿಷರಿಗೂ ಗೂರ್ಖಾಗಳಿಗೂ ನಡೆದ ಯುದ್ಧದ ವಿವರವನ್ನು ಓದಲು ಕೊಟ್ಟು, ಒಂದೊಂದು ಗುಂಪಿಗೂ ಒಂದೊಂದು ಬೇರೆ ಫಲಿತಾಂಶವನ್ನು ನಿಜವೆಂದು ಹೇಳಲಾಯಿತು. ಪ್ರತಿ ಗುಂಪೂ ತನಗೆ ಹೇಳಿದ ಫಲಿತಾಂಶವೇ ಹೆಚ್ಚು ಸಂಭವನೀಯವಾಗಿತ್ತು ಎಂದಿತು. ನಮ್ಮ ಭರಣಿಯ ಮುಂದೆ ಕುಳಿತಿದ್ದವರಿಗೆ ಆ ಯುವಕ ಕೈ ಹೊಸಕಿದ್ದು ಕಂಡದ್ದು ಹಾಗೆಯೇ. ಅವನು ನಿರಪರಾಧಿ ಎಂದು ತಲೆಬರಹ ಹೇಳಿದ್ದರೆ ಅದೇ ಕೈಗಳು ದುಃಖದ ಕೈಗಳಾಗಿ ಕಾಣುತ್ತಿದ್ದವು.

ಇನ್ನು ಚೌಕಟ್ಟಿನ ಅಂಚಿನ ಆ ಎಡ ಹೆಗಲು. ಒಂದೇ ತಪ್ಪೊಪ್ಪಿಗೆಯನ್ನು ಮೂರು ಕೋನಗಳಿಂದ ಚಿತ್ರಿಸಿ ಬೇರೆ ಬೇರೆಯವರಿಗೆ ತೋರಿಸುವ ಪ್ರಯೋಗಗಳನ್ನು ಡೇನಿಯಲ್ ಲ್ಯಾಸಿಟರ್ 1980ರ ದಶಕದಿಂದ ನಡೆಸಿದರು. ಕ್ಯಾಮೆರಾ ಆರೋಪಿಯ ಮುಖವನ್ನಷ್ಟೇ ತೋರಿಸಿದಾಗ ನೋಡಿದವರು, ಅವನು ತಾನಾಗಿಯೇ ಒಪ್ಪಿಕೊಂಡ ಎಂದರು. ಇಬ್ಬರನ್ನೂ ಸಮನಾಗಿ ತೋರಿಸಿದಾಗ ಆ ನಂಬಿಕೆ ತಗ್ಗಿತು. ಪ್ರಶ್ನೆ ಕೇಳುವವನ ಮುಖ ಕಂಡಾಗ ಒತ್ತಡವೂ ಕಣ್ಣಿಗೆ ಬಿತ್ತು. ಮಾತು ಬದಲಾಗಿರಲಿಲ್ಲ, ಬದಲಾದದ್ದು ಕ್ಯಾಮೆರಾ ಇಟ್ಟ ಜಾಗ. ನ್ಯಾಯಾಧೀಶರು, ಪೊಲೀಸರು ಕೂಡ ಈ ಪ್ರಭಾವಕ್ಕೆ ಹೊರತಾಗಲಿಲ್ಲ. ನ್ಯೂಜಿಲೆಂಡಿನ ಪೊಲೀಸರು ಇದನ್ನು ಗಮನಿಸಿ, ಇಬ್ಬರೂ ಸಮನಾಗಿ ಕಾಣುವಂತೆ ವಿಚಾರಣೆಯನ್ನು ಚಿತ್ರಿಸುವ ಪದ್ಧತಿ ತಂದರು.

ಅನುಭವ ಇದ್ದವರಿಗಾದರೂ ಗೊತ್ತಾಗಬೇಡವೇ ಎಂದು ಚಿಕ್ಕಪ್ಪ ಕೇಳಿದರು. ಅವರ ಅನುಭವದ ಮಾತನ್ನೇ ಎತ್ತಿಕೊಳ್ಳುತ್ತೇನೆ. ಹಣ್ಣಿನ ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯಿಂದ ನಾಲ್ಕು ಕಾಳು ತೆಗೆದು, ಸಿಪ್ಪೆ ಬಿಡಿಸಿ, ಹಲ್ಲಿನಲ್ಲಿ ಕಚ್ಚಿ, ಇನ್ನೊಂದು ದಿನದ ಬಿಸಿಲು ಬೇಕು ಎಂದು ಅವರು ಹೇಳಿದರೆ ಅದು ತಪ್ಪುವುದು ಕಡಿಮೆ. ಮಾರಲು ಹೋದಾಗ ವ್ಯಾಪಾರಿಯ ಮೀಟರ್ ತೇವಾಂಶ ಶೇ. 10ರ ಆಸುಪಾಸಿನಲ್ಲಿದೆಯೋ ಇಲ್ಲವೋ ಎಂಬುದನ್ನು ಅಲ್ಲೇ ಹೇಳಿಬಿಡುತ್ತದೆ. ಅಂದಾಜು ತಪ್ಪಿದ್ದರೆ ದುಡ್ಡು ಕೈಬಿಡುತ್ತದೆ. ಮೂವತ್ತು ವರ್ಷ ಹೀಗೆ ತಿದ್ದಿಸಿಕೊಂಡ ಹಲ್ಲು ಅದು. ಮುಖ ನೋಡಿ ಸುಳ್ಳು ಹಿಡಿಯುವವನಿಗೆ ಅಂಥ ಮೀಟರ್ ಇಲ್ಲ. ಸಾಲ್ ಕ್ಯಾಸಿನ್ ಮತ್ತು ಜೊತೆಗಾರರು 2005ರಲ್ಲಿ ಕೈದಿಗಳಿಂದ ನಿಜವಾದ ಮತ್ತು ಕಟ್ಟಿದ ತಪ್ಪೊಪ್ಪಿಗೆಗಳನ್ನು ದಾಖಲಿಸಿ ವಿದ್ಯಾರ್ಥಿಗಳಿಗೂ ತನಿಖಾಧಿಕಾರಿಗಳಿಗೂ ಕೊಟ್ಟರು. ಸರಿಯಾಗಿ ಹೇಳುವುದರಲ್ಲಿ ವಿದ್ಯಾರ್ಥಿಗಳೇ ಮುಂದಿದ್ದರು, ಖಚಿತವಾಗಿ ಹೇಳುವುದರಲ್ಲಿ ಪೊಲೀಸರು. ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಹೆಚ್ಚು ಇಷ್ಟವಾದದ್ದು: ವಿಡಿಯೊ ನೋಡಿದವರಿಗಿಂತ ಬರೀ ಧ್ವನಿ ಕೇಳಿದವರು ಹೆಚ್ಚು ಸರಿ ಹೇಳಿದ್ದರು.

ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ ಎಂಬುದು ಎಲ್ಲ ಮನೆಗಳಲ್ಲೂ ಏಳುವ ಪ್ರಶ್ನೆ. ಕಂಪ್ಯೂಟರಿನ ಒಂದು ಕೀಲಿ ಒತ್ತಬೇಡಿ ಎಂದು ಹೇಳಿ, ಯಂತ್ರವನ್ನು ಪ್ರಯೋಗ ನಡೆಸುವವರೇ ಕೆಡಿಸಿ, ನೀವೇ ಒತ್ತಿದಿರಿ ಎಂದು ದೂರಿದಾಗ ಶೇ. 69 ವಿದ್ಯಾರ್ಥಿಗಳು ತಪ್ಪೊಪ್ಪಿಗೆಗೆ ಸಹಿ ಹಾಕಿದ್ದನ್ನು ಕ್ಯಾಸಿನ್ 1996ರಲ್ಲೇ ವರದಿ ಮಾಡಿದ್ದರು. ಒತ್ತಿದ್ದನ್ನು ಕಂಡೆ ಎಂದು ಸುಳ್ಳು ಸಾಕ್ಷಿಯೊಬ್ಬರು ಹೇಳಿದರಂತೂ ಇನ್ನೂ ಹೆಚ್ಚು ಮಂದಿ ಮಣಿದರು. ಕೀಲಿಯೆಲ್ಲಿ, ಕೊಲೆಯೆಲ್ಲಿ ಎನ್ನಬಹುದು. ಆದರೆ ಡಿಎನ್‌ಎ ಪರೀಕ್ಷೆಯಿಂದ ನಿರ್ದೋಷಿಗಳೆಂದು ಅಮೆರಿಕದಲ್ಲಿ ಬಿಡುಗಡೆಯಾದವರ ಪೈಕಿ ಕಾಲು ಭಾಗಕ್ಕೂ ಹೆಚ್ಚು ಪ್ರಕರಣಗಳಲ್ಲಿ ಸುಳ್ಳು ತಪ್ಪೊಪ್ಪಿಗೆ ಇತ್ತು. ಇಲ್ಲದ ಸಾಕ್ಷ್ಯ ಇದೆಯೆಂದು ಆರೋಪಿಗೆ ಹೇಳಲು ಅಲ್ಲಿನ ಪೊಲೀಸರಿಗೆ 1969ರ ಸುಪ್ರೀಂ ಕೋರ್ಟ್ ತೀರ್ಪೊಂದು ಅವಕಾಶ ಕೊಟ್ಟಿದೆ ಎಂಬುದನ್ನು ನಮ್ಮ ವೀಕ್ಷಕರು ಅರಿಯರು. “ಎಷ್ಟು ಜಾಣ ಪೊಲೀಸ್” ಎಂದು ಮೆಚ್ಚುವುದು ಬಹಳ ಸಲ ಈ ಅವಕಾಶವನ್ನೇ.

ನಮ್ಮ ಕಾನೂನಿನ ದಾರಿ ಬೇರೆ. ಹಾಸನದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಬರುವಷ್ಟರಲ್ಲಿ ಟಿವಿಯ ಕೆಳಪಟ್ಟಿಯಲ್ಲಿ “ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಆರೋಪಿ” ಎಂದು ಕೆಂಪಕ್ಷರ ಎರಡು ಸಲ ಹಾದುಹೋಗಿರುತ್ತದೆ; ಪಕ್ಕದ ಮೇಜಿನವರಿಗೆ ಪ್ರಕರಣ ಅಲ್ಲಿಗೇ ಮುಗಿದಂತೆ. ಆದರೆ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ಆ ಹೇಳಿಕೆಯಿಂದ ಕತ್ತಿಯೋ ಒಡವೆಯೋ ಸಿಕ್ಕಿದರೆ, ಆ ಪತ್ತೆಗೆ ನೇರವಾಗಿ ಸಂಬಂಧಪಟ್ಟಷ್ಟು ಮಾತಿಗೆ ಮಾತ್ರ ಬೆಲೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಳ್ಳುವುದಾದರೆ, ಹಾಗೆ ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ನಿನ್ನ ವಿರುದ್ಧವೇ ಬಳಕೆಯಾದೀತು ಎಂದು ಅವರು ಮೊದಲೇ ಎಚ್ಚರಿಸಬೇಕು.

ಇದನ್ನೆಲ್ಲ ಕೇಳಿಸಿಕೊಂಡ ಚಿಕ್ಕಮ್ಮ, “ಇಂಥದ್ ನೋಡಿದ್ರೆ ಹುಷಾರಾಗಿರ್ತೀವಿ ಮಾರಾಯ, ಒಂಟಿ ಮನೆ” ಎಂದರು. ಅದನ್ನು ತಳ್ಳಿಹಾಕುವಂತಿಲ್ಲ. ಹೆಂಗಸರು ಕೊಲೆಯ ನಿಜಕಥೆಗಳನ್ನು ಹೆಚ್ಚು ಆರಿಸಿಕೊಳ್ಳುವುದಕ್ಕೆ, ಅಪಾಯದಿಂದ ಪಾರಾಗುವ ಉಪಾಯ ಅಲ್ಲಿ ಸಿಗುತ್ತದೆಂಬುದು ಒಂದು ಕಾರಣವಿರಬೇಕೆಂದು 2010ರ ಅಧ್ಯಯನವೊಂದು ಸೂಚಿಸಿತ್ತು.

ಮರುದಿನ ರಾತ್ರಿ ಮೊಬೈಲನ್ನು ಭರಣಿಗೆ ಒರಗಿಸದೆ ಮೇಜಿನ ಮೇಲೆ ಬೋರಲು ಹಾಕಿದೆವು. ಚಿಕ್ಕಮ್ಮನ ಮಗ ಒಂದೊಂದು ಪ್ರಶ್ನೆ, ಒಂದೊಂದು ಉತ್ತರವನ್ನೂ ಕನ್ನಡದಲ್ಲಿ ಹೇಳುತ್ತ ಹೋದ. ಹಂಚಿನ ಮೇಲೆ ಮಳೆ ಜೋರಾದಾಗಲೆಲ್ಲ ನಿಲ್ಲಿಸಬೇಕಾಗುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ ಕಳೆದಿರಬೇಕು, ಆರೋಪಿ ಹಿಂದಿನ ಬಾಗಿಲಿನ ವಿಷಯ ಎತ್ತಿದ. ಚಿಕ್ಕಮ್ಮ ಕೈ ಅಡ್ಡ ಹಿಡಿದರು.

“ತಡಿ, ಹಿಂದಕ್ಕ್ ಹಾಕು. ಹಿಂದಿನ ಬಾಗ್ಲು ಅಂತ ಮೊದ್ಲು ಅಂದಿದ್ದು ಪೊಲೀಸ್ನೋನೇ ಅಲ್ವಾ?”