ನಾಯಿ ಕಡಿತ: ಲಸಿಕೆ ಹಾಕಿದ ಮೇಲೂ ಜಿಲ್ಲಾಸ್ಪತ್ರೆಗೆ ಯಾಕೆ ಕಳಿಸುತ್ತಾರೆ?

ಪ್ರಶ್ನೆ: ಬೀದಿನಾಯಿ ಕಚ್ಚಿ ರಕ್ತ ಬಂತು. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕಿ, ‘ಇನ್ನೊಂದು ಇಂಜೆಕ್ಷನ್ ಇದೆ, ಜಿಲ್ಲಾಸ್ಪತ್ರೆಗೆ ಹೋಗಿ’ ಎಂದರು. ಹೋಗಲೇಬೇಕೆ?

ಉತ್ತರ: ಹೋಗಲೇಬೇಕು, ಅದೂ ಅದೇ ದಿನ. ಆ ಇನ್ನೊಂದು ಇಂಜೆಕ್ಷನ್ ಲಸಿಕೆಯಲ್ಲ, ರೇಬೀಸ್ ಇಮ್ಯುನೋಗ್ಲೋಬುಲಿನ್. ಲಸಿಕೆ ಬಿದ್ದ ಮೇಲೆ ದೇಹ ತಾನೇ ಪ್ರತಿಕಾಯ (ವೈರಸ್ಸಿನೊಡನೆ ಹೋರಾಡುವ ಅಂಶ) ತಯಾರಿಸಿಕೊಳ್ಳಲು ಒಂದೆರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ವೈರಸ್ ನರ ಹಿಡಿದು ಮೆದುಳಿನತ್ತ ಹೊರಟಿರಬಹುದು. ಇಮ್ಯುನೋಗ್ಲೋಬುಲಿನ್ ಸಿದ್ಧ ಪ್ರತಿಕಾಯ. ಗಾಯದಲ್ಲೇ ವೈರಸ್ಸನ್ನು ತಡೆಯುತ್ತದೆ.

ಹಾಗಾಗಿ ಅದನ್ನು ತೋಳಿಗೆ ಚುಚ್ಚಿ ಕಳಿಸುವುದಿಲ್ಲ. ಪ್ರತಿ ಹಲ್ಲಿನ ಗುರುತಿನ ಒಳಗೂ ಸುತ್ತಲೂ ಸಣ್ಣ ಸೂಜಿಯಿಂದ ತುಂಬುತ್ತಾರೆ. ನೋವಾಗುತ್ತದೆ, ಆದರೆ ಒಂದು ಗಾಯವನ್ನೂ ಬಿಡಬಾರದು. ತಲೆಗೂದಲೊಳಗಿನ ಗಾಯ ಕಣ್ತಪ್ಪುವುದುಂಟು, ನೀವೇ ತೋರಿಸಿ. ಬೆರಳ ತುದಿಯಲ್ಲಿ ಜಾಗ ಕಡಿಮೆ, ಒತ್ತಿ ತುಂಬಿದರೆ ರಕ್ತ ಸಂಚಾರ ನಿಲ್ಲಬಹುದು; ಅಲ್ಲಿ ಸ್ವಲ್ಪವೇ ಹಾಕುತ್ತಾರೆ.

ಈ ಔಷಧವನ್ನು ಕುದುರೆಯ ಅಥವಾ ಮನುಷ್ಯರ ರಕ್ತದಿಂದ ತಯಾರಿಸುತ್ತಾರೆ. ಪ್ರಮಾಣ ತೂಕದ ಮೇಲೆ: ಕುದುರೆಯದ್ದು ಕೆ.ಜಿ.ಗೆ 40 ಯೂನಿಟ್, ಮನುಷ್ಯರದ್ದು 20. ಅಂದರೆ 60 ಕೆ.ಜಿ. ತೂಕದವರಿಗೆ ಹೆಚ್ಚೆಂದರೆ 2400 ಅಥವಾ 1200 ಯೂನಿಟ್. ಮಗುವಿನ ಮೈತುಂಬ ಕಡಿತವಿದ್ದು ಔಷಧ ಸಾಲದಿದ್ದರೆ ಸಲೈನ್ ಬೆರೆಸಿ ಎಲ್ಲ ಗಾಯಕ್ಕೂ ಹಂಚುತ್ತಾರೆ. ಕೆಲವರಿಗೆ ಅಲರ್ಜಿ ಏಳುವುದರಿಂದ ಅದಕ್ಕೆ ಕೊಡುವ ತುರ್ತು ಔಷಧ ಅಡ್ರಿನಲಿನ್ ಕೈಗೆಟಕುವಂತಿರಬೇಕು, ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಬೇಕು. ದಾಸ್ತಾನೂ ಎಲ್ಲ ಪಿಎಚ್‌ಸಿಗಳಲ್ಲಿ ಇರುವುದಿಲ್ಲ. ಜಿಲ್ಲಾಸ್ಪತ್ರೆಗೆ ಕಳಿಸುವುದು ಇದಕ್ಕೇ.

ಹೊರಡುವ ಮೊದಲು ಹರಿಯುವ ನೀರು, ಸೋಪಿನಿಂದ ಗಾಯವನ್ನು 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಬೇಡವೇ ಬೇಡ. ಭಾನುವಾರವಾದರೂ ರಾತ್ರಿಯಾದರೂ ಕ್ಯಾಶುವಾಲಿಟಿ ತೆರೆದೇ ಇರುತ್ತದೆ, ಒಪಿಡಿ ಸಮಯಕ್ಕೆ ಕಾಯಬೇಡಿ. ಪಿಎಚ್‌ಸಿ ಚೀಟಿ ಮರೆಯದೆ ಒಯ್ಯಿರಿ: ಮೊದಲ ಲಸಿಕೆ ಬಿದ್ದು 7 ದಿನ ದಾಟಿದರೆ ಇಮ್ಯುನೋಗ್ಲೋಬುಲಿನ್ ಕೊಡುವುದಿಲ್ಲ, ಕೊಟ್ಟರೂ ಪ್ರಯೋಜನವಿಲ್ಲ. ಹಿಂದೆ ಪೂರ್ತಿ ಕೋರ್ಸ್ ಮುಗಿಸಿದ ದಾಖಲೆಯಿದ್ದವರಿಗೆ ಅದು ಬೇಕಾಗಿಲ್ಲ. ರಕ್ತ ಬಾರದ ಬರೀ ತರಚಿಗೆ ಲಸಿಕೆಯೊಂದೇ ಸಾಕು.

ಉಳಿದ ಲಸಿಕೆಗಳನ್ನು ಊರಲ್ಲೇ ಹಾಕಿಸಿಕೊಳ್ಳಬಹುದು. ಚರ್ಮದೊಳಗೆ ಹಾಕುವ ಕ್ರಮದಲ್ಲಿ 0, 3, 7, 28ನೇ ದಿನ, ಪ್ರತಿ ಸಲ ಎರಡು ತೋಳಿಗೂ 0.1 ಮಿ.ಲೀ. ಇಲ್ಲಿ ಜನ ಲೆಕ್ಕ ತಪ್ಪುತ್ತಾರೆ. ಮೊದಲನೆಯದು ಬಿದ್ದ ದಿನವೇ ಸೊನ್ನೆ. ಒಂದನೇ ತಾರೀಖು ಶುರುವಾದರೆ ಮುಂದಿನವು 4, 8, 29ಕ್ಕೆ.