ಯಾವ ಎರಡು ಮೀಟರು?

ನವಿ ಮುಂಬೈಯ ಬೇಲಾಪುರದ ನಮ್ಮ ಆಫೀಸಿಗೆ ಕಾರವಾರದ ಹುಡುಗನೊಬ್ಬ ಹೊಸದಾಗಿ ಸೇರಿದ್ದಾನೆ. ಮುಂಬೈ ಹೈ ಎಂಬ ಕಡಲ ತೈಲಕ್ಷೇತ್ರದಲ್ಲಿ ಬಾರ್ಜ್ (ಚಪ್ಪಟೆ ತಳದ ಹಡಗು) ಮೇಲಿನ ಕ್ರೇನಿಂದ ಭಾರ ಎತ್ತುವ ಕೆಲಸಕ್ಕೆ ಮೊನ್ನೆ ಸಿಮ್ಯುಲೇಷನ್ ಕೂಡಿಸುತ್ತಿದ್ದ. "ಸರ್, ಅಲೆಯ ಮಿತಿ 2 ಮೀಟರ್ ಅಂತ ಕ್ಲೈಂಟ್ ಕೊಟ್ಟಿದ್ದಾರೆ, ಹಾಕಿಬಿಡ್ಲಾ?"

"ಯಾವ 2 ಮೀಟರೋ ಮಾರಾಯಾ?" ಅಂದೆ. ಅವನು ಸ್ಕ್ರೀನ್ ನೋಡಿದ, ನನ್ನ ಮುಖ ನೋಡಿದ.

ಅಲೆಯ ಎತ್ತರಕ್ಕೆ ನಮ್ಮಲ್ಲಿ ಎರಡು ಲೆಕ್ಕ. ಬಂದ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಪಾಲನ್ನು ತೆಗೆದು ಸರಾಸರಿ ಹಾಕಿದರೆ ಅದು ಎಚ್‌ಎಸ್. ಮುನ್ಸೂಚನೆಯಲ್ಲಿ ಬರುವುದು ಸಾಮಾನ್ಯವಾಗಿ ಇದೇ. ಎಲ್ಲಕ್ಕಿಂತ ದೊಡ್ಡ ಒಂಟಿ ಅಲೆ ಎಚ್‌ಮ್ಯಾಕ್ಸ್. ಮೂರು ಗಂಟೆಯಲ್ಲಿ ಸಾವಿರ ಅಲೆ ಬಂದರೆ ಅವುಗಳಲ್ಲಿ ದೊಡ್ಡದು ಎಚ್‌ಎಸ್‌ನ ಹೆಚ್ಚುಕಡಿಮೆ 1.86 ಪಟ್ಟು. ಎಚ್‌ಎಸ್ 2 ಮೀಟರ್ ಇದ್ದ ದಿನ 3.7 ಮೀಟರಿನ ಅಲೆ ಬಾರ್ಜಿಗೆ ಬಡಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಕ್ಲೈಂಟ್ ಬರೆದದ್ದು ಎಚ್‌ಮ್ಯಾಕ್ಸ್ ಆಗಿದ್ದರೆ ಎಚ್‌ಎಸ್ ಕಾಲಂನಲ್ಲಿ 1.1 ಕೂಡ ಹಾಕುವಂತಿಲ್ಲ.

ಕೇಳಿ ನೋಡಿದೆವು, ಎಚ್‌ಎಸ್ ಅಂತಲೇ ಉತ್ತರ ಬಂತು. ಆದರೂ ಒಂಟಿ ಅಂಕಿಯನ್ನು ನಾನು ನಂಬುವುದಿಲ್ಲ. ಅಲ್ಲಿ ಕಡಲಿನ ಆಳ ಸುಮಾರು 75 ಮೀಟರ್. ಒಂದು ಅಲೆಯ ತುದಿ ದಾಟಿ ಮುಂದಿನದರ ತುದಿ ಬರುವ ಹೊತ್ತೇ ಅಲೆಯ ಅವಧಿ. 6 ಸೆಕೆಂಡಿನ ಅಲೆ ಅಲ್ಲಿ 56 ಮೀಟರ್ ಉದ್ದ, 12 ಸೆಕೆಂಡಿನದು ಸುಮಾರು 220 ಮೀಟರ್. ನಮ್ಮ ಬಾರ್ಜಿನ ಉದ್ದ 90 ಮೀಟರ್. ತಲೆಯ ಕಡೆಯಿಂದ ಬಂದ ಗಿಡ್ಡ ಅಲೆಗಳನ್ನು ಅದು ಹೆಚ್ಚು ಅಲುಗದೆ ತುಳಿದುಕೊಂಡು ನಿಲ್ಲುತ್ತದೆ. ಉದ್ದದ ಅಲೆ ಬಂದರೆ ಇಡೀ ಬಾರ್ಜನ್ನೇ ಎತ್ತಿ ಇಳಿಸುತ್ತದೆ, ಕ್ರೇನಿನ ತುದಿ ಮೀಟರುಗಟ್ಟಲೆ ಆಡುತ್ತದೆ. ಅಲೆ ಪಕ್ಕದಿಂದ ಬಂದು, ಅದರ ಅವಧಿ ಬಾರ್ಜಿನ ಸಹಜ ಹೊರಳಾಟದ ಅವಧಿಗೆ ತಾಳ ಕೂಡಿತೋ, ಒಂದು ಮೀಟರೂ ಜಾಸ್ತಿಯೇ. ಎಂಟು ಲಂಗರು ಹಾಕಿ ಕೂತ ಬಾರ್ಜನ್ನು ಬೇಕೆಂದಾಗ ತಿರುಗಿಸಲೂ ಆಗದು.

"ಗಾಳಿ ಇಲ್ದೇನೂ ದೊಡ್ಡ ತೆರೆ ಬರ್ತದೆ ಅಂತ ಅಪ್ಪ ಹೇಳ್ತಿದ್ರು ಸರ್," ಅಂದ ಹುಡುಗ. ಅವರಪ್ಪ ದೋಣಿಯವರು. ಸರಿಯಾಗೇ ಹೇಳಿದ್ದಾರೆ. ಚಳಿಗಾಲದಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಅಲೆ ವಾಯವ್ಯದಿಂದ ಗೋವಾದ ತೀರದವರೆಗೂ ಬರುತ್ತದೆ. ಮಳೆಗಾಲ ಬಿಟ್ಟು ಕೆಲಸ ಮಾಡುತ್ತೇವೆ, ಹಾಗಾಗಿ ಕಡಲು ತಣ್ಣಗಿರುತ್ತದೆ ಅಂದುಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ.

ಕೊನೆಗೆ ಆ ಒಂದು ಅಂಕಿಯ ಜಾಗದಲ್ಲಿ ಕೋಷ್ಟಕವೇ ಬಂತು: ಅಡ್ಡಕ್ಕೆ ಅವಧಿ, ಉದ್ದಕ್ಕೆ ದಿಕ್ಕು, ಪ್ರತಿ ಚೌಕಕ್ಕೂ ಒಂದು ಎಚ್‌ಎಸ್. ಒಂದೊಂದಕ್ಕೂ ಮೂರು ಗಂಟೆಯ ಸಿಮ್ಯುಲೇಷನ್ ಓಟ, ಅದೂ ಹತ್ತು ಬೇರೆ ಬೇರೆ ಸೀಡ್ ಹಾಕಿ. ಸೀಡ್ ಅಂದರೆ ಅಲೆಗಳ ಸಾಲನ್ನು ಪ್ರತಿ ಸಲ ಬೇರೆಯಾಗಿ ಕಲಸುವ ಆರಂಭದ ಅಂಕಿ. ಒಂದೇ ಸೀಡಿನಲ್ಲಿ ಬಂದ ಗರಿಷ್ಠ ಅಂಕಿ ಲಾಟರಿ ಇದ್ದ ಹಾಗೆ. ಕಂಪ್ಯೂಟರು ಎರಡು ರಾತ್ರಿ ಓಡಿತು.

ಇಷ್ಟಾದ ಮೇಲೂ ಸಿಕ್ಕ ಮಿತಿಯನ್ನು ಹಾಗೇ ಹಡಗಿಗೆ ಕಳಿಸುವಂತಿಲ್ಲ. ಮುನ್ಸೂಚನೆ ತಪ್ಪಬಹುದು. ಅದಕ್ಕೇ ಕಡಲ ಕೆಲಸಗಳಿಗೆ ನಿಯಮ ಬರೆಯುವ ಡಿಎನ್‌ವಿ ಸಂಸ್ಥೆಯ ನಿಯಮದಲ್ಲಿ, ಮಿತಿಯನ್ನು ಗುಣಿಸಿ ತಗ್ಗಿಸುವ ಆಲ್ಫಾ ಗುಣಕವಿದೆ. ಲೆಕ್ಕದ ಮಿತಿ 1.5, ಆಲ್ಫಾ 0.75 ಅಂತಿಟ್ಟುಕೊಳ್ಳಿ, ಮುನ್ಸೂಚನೆ 1.1 ದಾಟಿದರೆ ಕೆಲಸ ಶುರು ಮಾಡುವ ಹಾಗಿಲ್ಲ. ಕೆಲಸ ಉದ್ದವಾದಷ್ಟೂ ಆಲ್ಫಾ ಇಳಿಯುತ್ತದೆ.

ಪಕ್ಕದಿಂದ ಬರುವ 8 ಸೆಕೆಂಡಿನ ಚೌಕದಲ್ಲಿ 0.7 ಬಂತು. "ಇದನ್ನ ಕ್ಲೈಂಟ್ ಒಪ್ತಾರಾ ಸರ್?" ಅಂದ ಹುಡುಗ. ಒಪ್ಪಲಿಲ್ಲ, ಒಂದು ವಾರ ಫೋನಿನ ಮೇಲೆ ಫೋನು. ಆಮೇಲೆ ಲಂಗರಿನ ನಕ್ಷೆ ಬದಲಿಸಿ ಬಾರ್ಜಿನ ಮೂತಿಯನ್ನು ವಾಯವ್ಯಕ್ಕೆ ತಿರುಗಿಸಿದರು. 0.7 ಮಾತ್ರ ಚೌಕದಲ್ಲಿ ಹಾಗೇ ಇದೆ.